ಮೊದಲ ತುತ್ತು

ನವೆಂಬರ್ 3, 2024

ಇವತ್ತೂ ನಾಯಿಗಳ ಶೆಡ್ಡಿಗೆ ಹೋಗಿದ್ದೆ. ಸತತ ಮೂರನೇ ಭಾನುವಾರ. ಹನಕೆರೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆಯಬೇಕು. ತಗಡಿನ ಚಾವಣಿ, ಹತ್ತೊಂಬತ್ತು ನಾಯಿ, ಎರಡು ಕುರುಡು ಬೆಕ್ಕು. ನಡೆಸುವವರು ದೀಪಿಕ ಮತ್ತು ಅವರ ಇಬ್ಬರು ಗೆಳತಿಯರು. ಹೋದ ಕೂಡಲೇ ಎಲ್ಲ ನಾಯಿಗಳೂ ಜಾಲರಿಗೆ ಬಂದು ಬೊಗಳುತ್ತವೆ. ಕೊನೆಯ ಗೂಡಿನದು ಮಾತ್ರ ಗೋಡೆಗೆ ಮುಖ ಮಾಡಿ ಕೂತಿರುತ್ತದೆ. ಹಳದಿ ಬೆರೆತ ಬಿಳಿ. ಎಡಗಿವಿ ಮಡಚಿದೆ. ವಯಸ್ಸಾಗಿದೆ. ಬೊಗಳಿದ್ದನ್ನು ಒಮ್ಮೆಯೂ ಕೇಳಿಲ್ಲ.

ಹೋದ ತಿಂಗಳು ಸ್ಟೇಷನ್ ಹತ್ತಿರ ಸಿಕ್ಕಿತಂತೆ. ನಾಲ್ಕೂ ಪಾದದ ಚರ್ಮ ಸುಲಿದು ಹೋಗಿತ್ತಂತೆ.

"ಎಲ್ಲಿಂದ್ಲೋ ಓಡ್ಕೊಂಡೇ ಬಂದದೆ ಕಣ್ರೀ" ಅಂದರು ದೀಪಿಕ. "ಇದನ್ನ ಯಾರೂ ಕೇಳಲ್ಲ. ಎಲ್ರಿಗೂ ಮರೀನೇ ಬೇಕು."

ಫಾರಂ ಕೊಟ್ಟರು. 'ನಾಯಿ ಯಾಕೆ ಬೇಕು?' ಅಂತ ಒಂದು ಪ್ರಶ್ನೆ. ಎಂ.ಎ. ಪರೀಕ್ಷೆಯಲ್ಲಿ ಅಡಿಷನಲ್ ಶೀಟ್ ಕೇಳಿ ಕೇಳಿ ಬರೆದವಳು ನಾನು. ಅರ್ಧ ಗಂಟೆ ಪೆನ್ನು ಕಚ್ಚಿಕೊಂಡು ಕೂತೆ. ಕೊನೆಗೆ ಬರೆದದ್ದು ಮೂರೇ ಪದ — 'ಇದೂ ಹೆಚ್ಚು ಮಾತಾಡುವುದಿಲ್ಲ.'

ದೀಪಿಕ ಓದಿದರು. ನಗಲಿಲ್ಲ.

ನವೆಂಬರ್ 10

ಬಂತು. ಆಟೋದಲ್ಲಿ ನನ್ನ ಕಾಲ ಮೇಲೆ ತಲೆಯಿಟ್ಟು.

ಅಪ್ಪ ಗೇಟಿನಲ್ಲೇ ನಿಂತಿದ್ದರು. "ಏನಮ್ಮ ಚಂದನ, ಮುದುಕನ್ನ ಕರ್ಕೊಂಡು ಬಂದಿದ್ದೀಯ! ಇದು ಮನೆ ಕಾಯ್ತದೋ, ನಾವೇ ಇದ್ನ ಕಾಯ್ಬೇಕೋ?"

ಅಮ್ಮ: "ಸುಮ್ನಿರಿ. ನಿಮ್ಮನ್ನ ಕಾಯ್ತಿಲ್ವಾ ನಾನು?"

ಹಸು ಈದಾಗ ಅಮ್ಮ ಮಾಡುವ ಗಿಣ್ಣಿನ ಬಣ್ಣ ಅದರದು. ಗಿಣ್ಣು ಅಂತಲೇ ಹೆಸರಿಟ್ಟೆ.

ನವೆಂಬರ್ 13

ಇವತ್ತೂ ಮುಟ್ಟಲಿಲ್ಲ. ಮೊಸರನ್ನ, ಮೊಟ್ಟೆ, ಹಾಲು... ತಟ್ಟೆ ಮುಂದೆ ಕೂರುತ್ತದೆ. ತಟ್ಟೆ ನೋಡುತ್ತದೆ, ನನ್ನ ನೋಡುತ್ತದೆ. ಜೊಲ್ಲು ಸುರಿಯುತ್ತದೆ. ತಿನ್ನುವುದಿಲ್ಲ.

ದೀಪಿಕಗೆ ಫೋನ್ ಮಾಡಿದೆ. ಶೆಡ್ಡಿನಲ್ಲೂ ಹೀಗೇ ಇತ್ತಂತೆ. ಅವರು ಅಲ್ಲೇ ಕೂತು ತಮ್ಮ ಊಟದ ಡಬ್ಬಿ ಬಿಚ್ಚಿದ ದಿನ ತಿನ್ನುತ್ತಿತ್ತಂತೆ, ಇಲ್ಲದ ದಿನ ಇಲ್ಲವಂತೆ. ಯಾಕೋ ಗೊತ್ತಿಲ್ಲ ಅಂದರು.

ಅದೇ ದಿನ, ಮಧ್ಯಾಹ್ನ

ಗೊತ್ತಾಯಿತು!

ನನ್ನ ಮುದ್ದೆ ತಟ್ಟೆ ತಂದು ಹಿತ್ತಲ ಕಟ್ಟೆಯ ಮೇಲೆ ಅದರ ಪಕ್ಕ ಕೂತೆ. ಒಂದು ತುತ್ತು ಮುರಿದು, ಸಾರಿಗದ್ದಿ ಬಾಯಿಗಿಟ್ಟೆ. ಅದು ನನ್ನ ಗಂಟಲನ್ನೇ ನೋಡುತ್ತಿತ್ತು. ನುಂಗಿದೆ. ತಕ್ಷಣ ತಲೆ ಬಗ್ಗಿಸಿ ತನ್ನ ತಟ್ಟೆಗೆ ಬಾಯಿ ಹಾಕಿತು. ಮೂತಿಯಲ್ಲಿ ನೂಕಿ ನೂಕಿ, ತಟ್ಟೆ ಗರಗರ ಜಾರಿ ಗೋಡೆಗೆ ಬಡಿಯುವವರೆಗೂ ತಿಂದಿತು.

ಯಾರೋ ಹೀಗೆ ರೂಢಿ ಮಾಡಿಸಿದ್ದಾರೆ. ಜೊತೆಗೆ ಕೂತು ಉಣ್ಣುತ್ತಿದ್ದವರು ಯಾರೋ ಇದ್ದಾರೆ... ಅದನ್ನು ಯೋಚಿಸಬಾರದು.

ನವೆಂಬರ್ 29

ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರ ಸಂದರ್ಶನ. "ನಿಮ್ಮ ಬಗ್ಗೆ ಹೇಳಿ" ಅಂದರು. ಹೆಸರು ಹೇಳಿದೆ.  ಎದುರಿನ ಮೂವರೂ ಕಾದರು. ಫ್ಯಾನಿನ ಸದ್ದು. "ಆಯ್ತಮ್ಮ, ತಿಳಿಸ್ತೀವಿ."

ಮನೆಗೆ ಬಂದು ಗಿಣ್ಣು ಮುಂದೆ ಕೂತು ಪೂರ್ತಿ ಹೇಳಿದೆ. ಏನು ಓದಿದ್ದೇನೆ, ಏನು ಇಷ್ಟ, ಯಾಕೆ ಪಾಠ ಮಾಡಬೇಕು. ನಲವತ್ತು ನಿಮಿಷ. ಒಳಗಿನಿಂದ ಅಮ್ಮ ಅಪ್ಪನಿಗೆ ಹೇಳುತ್ತಿದ್ದಳು: "ಕೇಳಿಸ್ಕೊಳ್ಳಿ, ನಮ್ಮ ಹುಡುಗಿ ಧ್ವನಿ. ಇಷ್ಟು ಮಾತು ಯಾವಾಗ ಕೇಳಿದ್ರಿ?"

ಡಿಸೆಂಬರ್ 18

ಬೆಳಿಗ್ಗೆ ಏಳಾದರೆ ಗೇಟಿಗೆ ಹೋಗಿ ಕೂರುತ್ತದೆ. ನಮ್ಮದು ಮದ್ದೂರು–ಮಳವಳ್ಳಿ ರಸ್ತೆ. ಕಬ್ಬಿನ ಟ್ರ್ಯಾಕ್ಟರ್, ಕಾಲೇಜು ಬಸ್ಸು, ಯಾವುದಕ್ಕೂ ಕದಲುವುದಿಲ್ಲ. ಬಿಳಿ ಟೆಂಪೋ ಬಂದರೆ ಮಾತ್ರ ಎದ್ದು ನಿಲ್ಲುತ್ತದೆ. ಅದು ಹೋದಮೇಲೆ ಕೂರುತ್ತದೆ.

ಅಪ್ಪ ಈಗ ಕದ್ದು ಬಿಸ್ಕತ್ತು ಹಾಕುತ್ತಾರೆ. ಮೊದಲು ತಾವೊಂದು ಕಚ್ಚಿ.

ಜನವರಿ 9, 2025

ದೀಪಿಕ ಒಂದು ವಾಯ್ಸ್ ಮೆಸೇಜು ಕಳಿಸಿದ್ದಾರೆ. 'ಮಳವಳ್ಳಿ ಕಡೆಯವರು. ನಿಮ್ಮ ಗಿಣ್ಣುನೇ ಇರಬಹುದಾ? ಕೇಳಿ ಹೇಳಿ.' ಜೊತೆಗೆ ಒಂದು ನಂಬರು, ಊರಿನ ಹೆಸರು. ಹಿತ್ತಲಲ್ಲಿ ಕೂತು ಮೆಸೇಜು ಒತ್ತಿದೆ. ಮುದುಕರ ದನಿ. ನಡುವೆ ಕೆಮ್ಮು.

"ನಮಸ್ಕಾರ ಕಣ್ರಪ್ಪ. ನಾನು ಕೆಂಪಸಿದ್ದಯ್ಯ ಅಂತ. ನಮ್ದೊಂದು ನಾಯಿ ಕಳ್ದೋಗದೆ. ಮೂಗ ಅಂತ ಎಸ್ರು. ಬೊಗಳಾಕಿಲ್ಲ ಅದು. ಎಡಗಿವಿ ಮಡ್ಚಿಕಂಡದೆ..."

ಗಿಣ್ಣು ಎದ್ದು ನಿಂತಿತ್ತು. ಮಡಚಿದ ಕಿವಿಯೂ ಸೇರಿ ಎರಡೂ ಮೇಲೆದ್ದಿದ್ದವು. ಫೋನಿಗೆ ಮೂತಿ ತಾಗಿಸಿತು. ಗಂಟಲೊಳಗಿಂದ ಒಂದು ಸದ್ದು — ಎರಡು ತಿಂಗಳಲ್ಲಿ ಮೊದಲ ಸಲ.

ನಿಲ್ಲಿಸಿಬಿಟ್ಟೆ. ನಲವತ್ತೊಂದು ಸೆಕೆಂಡಿನಲ್ಲಿ ಹದಿನೈದು ಕೇಳಿದ್ದೆ.

ಜನವರಿ 10

ದೀಪಿಕಗೆ ಉತ್ತರಿಸಿದೆ. 'ಇದಲ್ಲ ಅನ್ನಿಸುತ್ತೆ. ಕಿವಿ ಬೇರೆ ಥರ ಇದೆ.'

ಬಾಯಿಬಿಟ್ಟು ಹೇಳಬೇಕಾಗಿದ್ದರೆ ತೊದಲುತ್ತಿದ್ದೆ. ಬರೆಯುವುದು ಎಷ್ಟು ಸಲೀಸು.

ಜನವರಿ 14

ಹಬ್ಬ. ಹಸುವಿಗೆ ಅರಿಶಿನ ಹಚ್ಚಿ ಉಳಿದದ್ದನ್ನು ಅಪ್ಪ ಗಿಣ್ಣು ಹಣೆಗೂ ಬಳಿದರು. "ನೀನೂ ನಮ್ಮನೆಯೋನೇ ಕಣ್ಲಾ."

ಬಚ್ಚಲಿಗೆ ಹೋಗಿ ಅತ್ತೆ.

ಜನವರಿ 30, ಮಧ್ಯಾಹ್ನ

ಹದಿನಾರು ದಿನ ಬರೆದಿಲ್ಲ. ಬರೆದರೆ ಅದನ್ನೇ ಬರೆಯಬೇಕಾಗುತ್ತದೆ ಅಂತ.

ಇವತ್ತು ಗೇಟು ಹಾಕಿ, ಗಿಣ್ಣುವನ್ನು ಅಂಗಳದಲ್ಲಿ ಬಿಟ್ಟು, ಕೋಣೆಯಲ್ಲಿ ಕೂತು ಉಳಿದ ಇಪ್ಪತ್ತಾರು ಸೆಕೆಂಡು ಕೇಳಿದೆ.

"...ನನ್ನ ಮಂಡ್ಯ ಆಸ್ಪತ್ರೆಗೆ ಕರ್ಕೊಂಡೋಗುವಾಗ ಟೆಂಪೋ ಇಂದಿಂದೇನೇ ಓಡ್ಬಂತು. ಇಂದ್ಕೋಗ್ಲಾ ಅಂದೆ, ಕೇಳ್ನಿಲ್ಲ. ಯಾರಾದ್ರೂ ಪುಣ್ಯಾತ್ಮರು ಸಾಕ್ಕೊಂಡಿದ್ರೆ ನೀವೇ ಮಡಿಕ್ಕೊಳ್ರಪ್ಪ, ನಾ ವಾಪಸ್ ಕೇಳಾಕಿಲ್ಲ. ಒಂದೇ ಒಂದ್ಸತಿ ತಂದು ತೋರ್ಸ್‌ಬುಡಿ. ಕಣ್ತುಂಬ ನೋಡ್ಕಬುಡ್ತೀನಿ."

ನೀವೇ ಮಡಿಕ್ಕೊಳ್ರಪ್ಪ ಅಂದಿದ್ದರು. ಕೇಳಿಸಿಕೊಳ್ಳಲೇ ಇಲ್ಲ ನಾನು.

ಮಳವಳ್ಳಿಯಿಂದ ಮಂಡ್ಯಕ್ಕೆ ಹೋಗುವ ಟೆಂಪೋ ಈ ರಸ್ತೆಯಲ್ಲೇ ಹೋಗಿರಬೇಕು. ಅದರ ಹಿಂದೆ ಗಿಣ್ಣು. ನಮ್ಮ ಗೇಟಿನ ಮುಂದೆಯೇ.

ಅಪ್ಪನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಚೊಂಬಿನ ನೀರು ಪೂರ್ತಿ ಕುಡಿದು, "ಬೆಳಿಗ್ಗೆ ಓಗುವಾ. ಗಾಡಿ ನಾ ಓಡಿಸ್ತೀನಿ, ಮಾತು ನೀನಾಡ್ಬೇಕು" ಅಂದರು.

ಜನವರಿ 31, ಸಂಜೆ

ಬರೆಯಲೇಬೇಕು. ಒಂದೂ ಬಿಡದೆ.

ಟಿವಿಎಸ್‌ನ ಮುಂದೆ ಗಿಣ್ಣು, ಹಿಂದೆ ನಾನು. ಮಳವಳ್ಳಿ ದಾಟಿ ಮಣ್ಣು ರಸ್ತೆಗೆ ತಿರುಗಿದ್ದೇ, ಗಿಣ್ಣು ಹಾರಿ ಓಡಿತು. ಊರೊಳಕ್ಕಲ್ಲ. ಭತ್ತದ ಗದ್ದೆ ಬದುವಿನ ಮೇಲೆ, ಪಂಪ್‌ಸೆಟ್ ಮನೆಗೆ. ಹಿಂದೆಯೇ ಓಡಿದೆ. ಒಳಗೆ ಹಗ್ಗದ ಮಂಚ. ಗೋಡೆಯ ಗೂಟಕ್ಕೆ ಕಂಬಳಿ. ಮೂಲೆಯಲ್ಲಿ ಎರಡು ತಟ್ಟೆ, ಬೋರಲು ಹಾಕಿದ್ದವು. ಗಿಣ್ಣು ಕಂಬಳಿ ಮೂಸಿತು, ಮಂಚ ಮೂಸಿತು. ಹೊರಗೆ ಹೋಗಿ ಸುತ್ತಿ ಬಂತು. ಮತ್ತೆ ಮಂಚ ಮೂಸಿತು. ಆಮೇಲೆ ಅದರ ಕೆಳಗೆ ಹೋಗಿ ಮಲಗಿತು.

ತಲೆ ಬೋಳಿಸಿಕೊಂಡ ಒಬ್ಬರು ಬದುವಿನ ಮೇಲೆ ಓಡುತ್ತ ಬಂದರು. ಮುದುಕರ ಮಗ, ಕನಕರಾಜು. ತಲೆ ನೋಡಿದಾಗಲೇ ಗೊತ್ತಾಯಿತು.

"ಒಂಬತ್ತು ದಿನ ಆಯ್ತು ಕಣವ್ವ. ನಾಡಿದ್ದು ತಿಥಿ."

ನಾಯಿ ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಮಂಚದ ಕೆಳಗೆ ಕೈ ಚಾಚಿ ಅದರ ಬೆನ್ನು ಮುಟ್ಟಿದರು. ಆಮೇಲೆ ಹೇಳಿದರು. ಮೂರನೇ ದಿನ ಹಾಲು ತುಪ್ಪಕ್ಕೆ ಹೋಗಿದ್ದರಂತೆ. ಸಮಾಧಿ ಮೇಲೆ ಎಲೆ ಹಾಕಿ, ತಮ್ಮ ಅಪ್ಪನಿಗೆ ಇಷ್ಟವಾದದ್ದೆಲ್ಲ ಬಡಿಸಿದ್ದರಂತೆ. ಕಾಗೆ ಮುಟ್ಟಲಿಲ್ಲ.

"ಮರದ ತುಂಬ ಕೂತವೆ, ಒಂದೂ ಇಳೀನಿಲ್ಲ. ಗಂಟೆ ಹನ್ನೊಂದಾಯ್ತು, ಹನ್ನೆರಡಾಯ್ತು. ಹೊಲ ಮಾರಾಕಿಲ್ಲ ಅಂದೆ. ತಂಗೀನ ಚೆನ್ನಾಗಿ ನೋಡ್ಕತೀನಿ ಅಂದೆ. ಊಹೂಂ. ಕೊನೆಗೆ ನಮ್ಮೆಂಗಸ್ರು, 'ನಾಯಿ ವಿಚಾರ ಹೇಳಿ ನೋಡಿ' ಅಂದ್ಲು. 'ಅಪ್ಪೋ, ಮೂಗನ್ನ ಎಲ್ಲಿದ್ರೂ ಹುಡುಕ್ಕೊಂಬಂದು ಮನೇಲಿ ಮಡಿಕ್ಕೊಂಡು ಸಾಕ್ತೀನಿ, ಮುಟ್ಟಪ್ಪ' ಅಂದೆ ನೋಡಿ... ಬಾಯ್ ಮುಚ್ಚೋದ್ರೊಳ್ಗೆ ಬಂದು ಕೂತ್ಕತ್ತು."

 ಅಪ್ಪ ಗದ್ದೆ ಕಡೆ ನೋಡುತ್ತಿದ್ದರು.

"ಮೆಸೇಜಲ್ಲಿ ನಮ್ಮಪ್ಪ ನೀವೇ ಮಡಿಕ್ಕೊಳಿ ಅಂದಿತ್ತು. ನಂಗೊತ್ತು. ನಿಮ್ಮನ್ನ ಬಲವಂತ ಮಾಡಾಕಿಲ್ಲ ಕಣವ್ವ. ಆದ್ರೆ ನಾನು ಮಾತು ಕೊಟ್ಬುಟ್ಟೆ." ನನ್ನ ಕಡೆ ತಿರುಗಿ, "ಮೆಸೇಜು ಯಾವಾಗ ಸಿಕ್ತು ನಿಮ್ಗೆ?"

"ನಿನ್ನೆ" ಅಂದೆ.

ಇಡೀ ದಿನ ಅಲ್ಲಿ ನಾನಾಡಿದ್ದು ಅದೊಂದೇ ಮಾತು.

ಕೈ ಮುಗಿದರು. ನನಗೆ. "ನಿನ್ನೆ ನೋಡಿ ಇವತ್ತೇ ಬಂದ್ಬುಟ್ರಲ್ಲ ತಾಯಿ" ಅಂದರು. ಅಪ್ಪ ತಲೆ ಎತ್ತಲಿಲ್ಲ.

ಬಗ್ಗಿ, ಕೊರಳಪಟ್ಟಿಯಿಂದ ಹಗ್ಗ ಬಿಚ್ಚಿದೆ. ಹಣೆಯ ಮೇಲೆ ಕೈಯಿಟ್ಟೆ. ಅಪ್ಪ ಗಾಡಿ ಶುರು ಮಾಡಿದಾಗ ಗಿಣ್ಣು ಮಂಚದ ಕೆಳಗಿಂದ ಎದ್ದು ಬಾಗಿಲಿಗೆ ಬಂತು. ಒಳಗೆ ನೋಡಿತು, ನನ್ನ ನೋಡಿತು. ಹಿಂದೆಯೇ ಓಡಿ ಬಂದರೆ ಪಾದ ಮತ್ತೆ ಸುಲಿಯುತ್ತದೆ. "ಹಿಡ್ಕೊಳಿ" ಅನ್ನಬೇಕಿತ್ತು.  ಅಷ್ಟರಲ್ಲಿ ಅವರೇ ಹಿಡಿದುಕೊಂಡರು.

ತಿರುಗಿ ನೋಡಲಿಲ್ಲ. ಗಾಡಿಯ ಕನ್ನಡಿಯಲ್ಲಿ ನೋಡಿದೆ.

ಫೆಬ್ರವರಿ 1

ಒಂಬತ್ತನೇ ತಾರೀಖು ಮೆಸೇಜು ಬಂದದ್ದು. ಅವರು ಹೋದದ್ದು ಇಪ್ಪತ್ಮೂರಕ್ಕೆ. ಹದಿನಾಲ್ಕು ದಿನ. ಟಿವಿಎಸ್‌ನಲ್ಲಿ ಮುಕ್ಕಾಲು ಗಂಟೆ.

ಫೆಬ್ರವರಿ 3, ಮಧ್ಯಾಹ್ನ

ಕನಕರಾಜು ಫೋನ್ ಮಾಡಿದ್ದರು. ಅಪ್ಪ ನನ್ನ ನಂಬರು ಕೊಟ್ಟು ಬಂದಿದ್ದರು.

"ನಾಕು ದಿನ ಆಯ್ತು ಕಣವ್ವ, ಒಂದಗ್ಳೂ ಮುಟ್ನಿಲ್ಲ. ತಿಥಿ ದಿನ ಬಾಡೂಟ ಹಾಕುದ್ರೂ ಇಲ್ಲ. ಬರೀ ಮುಖ ನೋಡ್ತದೆ. ಹಿಂಗೇ ಆದ್ರೆ ಓಯ್ತದೆ ಇದು. ನಿಮ್ಮತ್ರ ಏನ್ ತಿಂತಿತ್ತು?"

ಹೇಳಿಯೇ ಇರಲಿಲ್ಲ. ಹೇಳಬೇಕಾದ ಒಂದೇ ಒಂದು ವಿಷಯ. ಮುದುಕರು ಪಂಪ್‌ಸೆಟ್ ಮನೆಯಲ್ಲಿ ಉಣ್ಣುತ್ತಿದ್ದದ್ದು ಹೇಗೆಂದು ಮನೆಯವರು ಯಾರೂ ನೋಡಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

"ನೀವು ಅದರ ಪಕ್ಕ ನೆಲದ ಮೇಲೆ ಕೂತ್ಕೊಳ್ಳಿ. ನಿಮ್ಮ ತಟ್ಟೆ ತಗೊಳ್ಳಿ. ಮೊದಲ ತುತ್ತು ನೀವು ತಿನ್ಬೇಕು. ಅದು ನೋಡ್ತಾ ಇರುತ್ತೆ. ನೀವು ನುಂಗಿದ್ಮೇಲೆ ಅದು ತಿನ್ನುತ್ತೆ." ಒಂದೇ ಉಸಿರಿಗೆ. ತೊದಲಲಿಲ್ಲ. "ಫೋನ್ ಇಡ್ಬೇಡಿ."

ಅತ್ತ ಪಾತ್ರೆಯ ಸದ್ದು. ಅವರು ಕೂತದ್ದು. ಅಗಿದದ್ದು. ನುಂಗಿದ್ದು. ಆಮೇಲೆ ಏನೂ ಇಲ್ಲ. ತುಂಬ ಹೊತ್ತು ಏನೂ ಇಲ್ಲ.

ಆಮೇಲೆ ಗರಗರ. ತಟ್ಟೆ ನೆಲದ ಮೇಲೆ ಜಾರುವ ಸದ್ದು.

"ತಿಂತಾದೆ ಕಣವ್ವ! ಲೇ, ಬಾರೇ ಇಲ್ಲಿ, ನೋಡು! ನಮ್ಮಪ್ಪನ್ ಜೊತೆ ಹಿಂಗೇ ಉಣ್ತಿತ್ತೇನೋ..." 

"ಇನ್ನೊಂದು ವಿಷಯ ಹೇಳ್ಬೇಕಿತ್ತು" ಅಂದೆ. "ಆ ಮೆಸೇಜು ನಾನು—"

ಕೇಳಿಸಿಕೊಳ್ಳುವವರು ಇರಲಿಲ್ಲ. ಫೋನು ನೆಲದ ಮೇಲಿತ್ತು ಅನ್ನಿಸುತ್ತದೆ. ತಟ್ಟೆ ಜಾರುತ್ತಾ ಜಾರುತ್ತಾ ಹೋಗಿ ಗೋಡೆಗೆ ಬಡಿಯಿತು.

ಅಮ್ಮ ಊಟಕ್ಕೆ ಕರೆದಳು. ಮುದ್ದೆ, ಹುರುಳಿ ಸಾರು. ತಟ್ಟೆ ತಂದು ಹಿತ್ತಲ ಕಟ್ಟೆಯ ಮೇಲೆ ಕೂತೆ. ರೂಢಿ. ತುತ್ತು ಮುರಿದೆ, ಸಾರಿಗದ್ದಿದೆ, ಪಕ್ಕಕ್ಕೆ ತಿರುಗಿ ನೋಡಿದೆ. ಕಟ್ಟೆ ಖಾಲಿ.