ಮಾತ್ರೆಯಲ್ಲದ ಫ್ಲಾಪಿಲಿ

ಬಾಣಾವರ, 14-2-1999

ಬೇಲೂರಿನ ಕಮಲಾಕ್ಷಿ ಟೀಚರಿಗೆ ನಮಸ್ಕಾರ.

ನಗಬೇಡಿ, ಭಾಷಣದ ಧಾಟಿಯಲ್ಲೇ ಶುರು ಮಾಡುತ್ತೇನೆ: ಮಾನ್ಯ ಅಧ್ಯಕ್ಷರೇ, ನೆರೆದ ಮಹಾಜನರೇ, ಇಂದಿನ ಉಪನ್ಯಾಸ 'ಫ್ಲಾಪಿಲಿ' ಎಂಬ ಇಂಗ್ಲಿಷ್ ಕ್ರಿಯಾವಿಶೇಷಣದ ಕುರಿತು. ಲಕ್ವ ಹೊಡೆದ ನನ್ನ ಬಲಗೈ 'ಫ್ಲಾಪಿಲಿ' ನೇತಾಡುತ್ತದೆಂದು ಡಾಕ್ಟರು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ಕನ್ನಡ ಮೀಡಿಯಂ ಬಿ.ಎ. ಆದ ನಾನು ಅದನ್ನು ಮಾತ್ರೆಯ ಹೆಸರೆಂದುಕೊಂಡು ಬೇಲೂರಿನ ಮೆಡಿಕಲ್ ಶಾಪುಗಳನ್ನೆಲ್ಲ ಸುತ್ತಿದೆ. ಕೈ ಜೋಲು, ಬಾಯಿ ಜೋರು. ಅಲ್ಲಿ ಸಿಕ್ಕ ನೀವು ಚೀಟಿ ಓದಿ ನಕ್ಕಿರಿ.

"ಮಾತ್ರೆ ಅಲ್ಲ ಕಣ್ರೀ, ಜೋಲಾಡ್ತಾ ಅಂತ ಅರ್ಥ. ನಮ್ಮ 'ತೊಪ್ಪನೆ' ಥರ ಸದ್ದಿಂದ ಹುಟ್ಟಿದ ಪದ. ದಿನಾ ಒಂದು ಪುಟ ಕಾಪಿ ಬರೀರಿ, ಕೈ ಬರುತ್ತೆ."

ಬಂತು, ಟೀಚರ್. ಈ ಉಪಕಾರ ಮರೆಯಲಾರೆ. ಇನ್ನೊಂದು ಕಾಪಿ ಪುಸ್ತಕ ಕಳಿಸಿಕೊಡಿ.

ನೀವು ಮುತ್ತಿನಂಥ ಅಕ್ಷರವೆಂದು ಮೆಚ್ಚಿದ ಹಿಂದಿನ ಮೂರೂ ಪತ್ರಗಳನ್ನು ಬರೆದದ್ದು ನನ್ನ ಹೆಂಡತಿ ಮಂಜುಳಾ. ಈ ಕಾಗೆಕಾಲು ಗುಬ್ಬಿಕಾಲು ಮಾತ್ರ ನನ್ನ ಬಲಗೈಯದು.

ನಿಮ್ಮ ಋಣಿ,
ಲಕ್ಷ್ಮೀಶ