ಫಿಶೆಲ್ ಅಜ್ಜನ ಎಣಿಕೆ

ಅಕ್ಟೋಬರ್ 19, ಭಾನುವಾರ

ರಾತ್ರಿ ಮನೆಗೆ ಬಂದು ಫೋನ್ ಆನ್ ಮಾಡಿದ ಕೂಡಲೇ ನಮ್ಮ ತಂಡದ ತಾಲ್ಯಾಳ ಕರೆ ಬಂತು.

ಕಾಲೇಜಿನ ಪ್ರಾಜೆಕ್ಟಿಗೆಂದು ನಾವು ಒಂಬತ್ತು ಯಹೂದಿ ಹುಡುಗ ಹುಡುಗಿಯರು ಇವತ್ತು ದೂರದ ಊರೊಂದರ ಹಳೆಯ ಸಿನಗಾಗ್‌ನಲ್ಲಿ, ಅಂದರೆ ನಮ್ಮವರ ಪ್ರಾರ್ಥನಾ ಮಂದಿರದಲ್ಲಿ, ತೀರಿಕೊಂಡವರ ಹೆಸರಿನ ಹಿತ್ತಾಳೆ ಫಲಕಗಳನ್ನು ಉಜ್ಜಿದೆವು. ಆ ಊರಿನಲ್ಲಿ ಉಳಿದಿರುವ ಯಹೂದಿ ಫಿಶೆಲ್ ಅಜ್ಜ ಒಬ್ಬರೇ. ಅವರ ಹೆಂಡತಿ ಪೆರ್ಲ್ ಅವರ ಫಲಕ ನನ್ನ ಪಾಲಿಗೆ ಬಂದಿತ್ತು. ಬೆಳಗ್ಗೆಯಿಂದ ಯಾರೂ ನನ್ನನ್ನು ಮಾತಾಡಿಸಲಿಲ್ಲ. ನಾನು ಇದ್ದರೆಷ್ಟು, ಬಿಟ್ಟರೆಷ್ಟು ಎಂದು ಫೋನ್ ಆಫ್ ಮಾಡಿ, ಯಾರಿಗೂ ಹೇಳದೆ ಐದು ಗಂಟೆಯ ಬಸ್ಸು ಹತ್ತಿದೆ.

"ಎಲ್ಲೋ ಹಾಳಾಗಿ ಹೋಗಿದ್ದೆ?" ಎಂದಳು ತಾಲ್ಯಾ. "ಇವತ್ತು ಪೆರ್ಲ್ ಅಜ್ಜಿ ತೀರಿಕೊಂಡ ದಿನವಂತೆ ಕಣೋ. ತೀರಿಕೊಂಡವರಿಗೆ ಕಾದಿಶ್ ಪ್ರಾರ್ಥನೆ ಹೇಳೋಕೆ ಹತ್ತು ಜನ ಯಹೂದಿಗಳು ಬೇಕಲ್ಲ, ಅಜ್ಜ ಕೋಟು ಹಾಕ್ಕೊಂಡು ಬಂದು ಹುಡುಗೀರನ್ನೂ ಸೇರಿಸಿ ಎಣಿಸಿದ್ರು."

ನಮ್ಮಲ್ಲಿ ಜನರನ್ನು ನೇರವಾಗಿ ಎಣಿಸಬಾರದಲ್ಲ. 'ಒಂದಲ್ಲ, ಎರಡಲ್ಲ' ಎನ್ನುತ್ತ ಎಂಟು ಮಂದಿಯನ್ನು ಮುಗಿಸಿ, ತಮ್ಮ ಎದೆ ಮುಟ್ಟಿಕೊಂಡು 'ಒಂಬತ್ತಲ್ಲ' ಎಂದರಂತೆ. ಅಲ್ಲಿಗೇ ನಿಂತಿತು.

"ಪೆರ್ಲ್ ಹೆಸರು ಉಜ್ಜಿದ ಹುಡುಗ ಇದಾನಲ್ಲ, ಬರ್ತಾನೆ ತಡೀರಿ" ಎಂದು ಕತ್ತಲಾದ ಮೇಲೂ ಬಾಗಿಲು ನೋಡುತ್ತ ಕೂತಿದ್ದರಂತೆ. ಪ್ರಾರ್ಥನೆ ಆಗಲೇ ಇಲ್ಲ.

ಎಷ್ಟು ತೊಳೆದರೂ ಬೆರಳಿನ ಹಿತ್ತಾಳೆ ವಾಸನೆ ಹೋಗುತ್ತಿಲ್ಲ. ನನಗಾಗಿ ಒಬ್ಬರು ಕಾಯುತ್ತಿದ್ದರು. ಆ ಹೊತ್ತಿಗೆ ನಾನು ಬಸ್ಸಿನಲ್ಲಿ, ಪಕ್ಕದ ಖಾಲಿ ಸೀಟಿನ ಮೇಲೆ ಬ್ಯಾಗಿಟ್ಟುಕೊಂಡು ಕೂತಿದ್ದೆ.