ಬರೆಯದೆ ಬಿಟ್ಟ ಎರಡಿಂಚು

ಅಪ್ಪ,

ಕಲ್ಯಾಣದುರ್ಗದಲ್ಲಿ ಊರೆಲ್ಲ ನಿನ್ನನ್ನು ಟೈಲರ್ ಮಾಸ್ಟರ್ ಎನ್ನುತ್ತಿತ್ತು. ನೀನು ಹೋಗಿ ನಾಲ್ಕು ವರ್ಷವಾದ ಮೇಲೆ ನಿನಗೊಂದು ಕಾಗದ ಬರೆಯುತ್ತಿದ್ದೇನೆ, ಅದೂ ಒಂದು ಸ್ಕೂಲ್ ಸ್ಕರ್ಟಿನ ವಿಷಯಕ್ಕೆ. ನಗಬೇಡ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ದಿನಪತ್ರಿಕೆ ಓದಿ ಬೆಳೆದವಳು ನಾನು. ಹಳೇ ಪೇಪರನ್ನು ಅಳತೆಗೆ ಕತ್ತರಿಸಿ ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದೆಯಲ್ಲ, ಆ ತೋಳು, ಕಾಲರುಗಳ ಮೇಲೆಯೇ ನಾನು ಕನ್ನಡ ಓದಲು ಕಲಿತದ್ದು. ಸುದ್ದಿ ಕಂಕುಳ ಹತ್ತಿರ ಬಂದು ಅರ್ಧಕ್ಕೇ ನಿಂತುಬಿಡುತ್ತಿತ್ತು. ಉಳಿದರ್ಧದಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಎಂದು ಅನುಮಾನಪಡುವ ಚಟ ನನಗೆ ಅಲ್ಲಿಂದಲೇ ಹತ್ತಿರಬೇಕು.

ಈ ಜೂನ್‌ನಲ್ಲಿ ಹರ್ಷಿತಳಿಗೆ ಯೂನಿಫಾರಂ ತರಲು ಇಲ್ಲಿ ಹಿಂದೂಪುರದ ಒಂದು ಅಂಗಡಿಗೆ ಹೋಗಿದ್ದೆ. ನಿನ್ನ ಮೊಮ್ಮಗಳು ಈಗ ಐದನೇ ಕ್ಲಾಸು. ನೀನಿದ್ದಾಗ ನಿನ್ನ ಮಷೀನಿನ ಎತ್ತರಕ್ಕಿದ್ದವಳು ಈಗ ನನ್ನ ಭುಜಕ್ಕೆ ಬರುತ್ತಾಳೆ. ಅಂಗಡಿಯವನು ಅವಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಎರಡು ಸೈಜ್ ದೊಡ್ಡ ಸ್ಕರ್ಟ್ ತೆಗೆದು ಮುಂದಿಟ್ಟ.

"ಪಿಲ್ಲ ಎದುಗುತುಂದಿ ಕದಮ್ಮಾ," ಎಂದು ತೆಲುಗಿನಲ್ಲಿ ಶುರುಮಾಡಿದವನು ನನ್ನ ಮುಖ ನೋಡಿ ಕನ್ನಡಕ್ಕೆ ಬಂದ. "ಬೆಳೆಯೋ ಮಗು ಕಣಮ್ಮ. ದೊಡ್ಡದೇ ತಗಂಡೋಗಿ."

"ಅಳತೇನೇ ತೆಗೀದೆ ಹೆಂಗೆ ಹೇಳ್ತೀರ?"

"ಮಕ್ಕಳನ್ನ ನೋಡ್ತಾನೇ ತಲೆ ಬೆಳ್ಳಗಾಯ್ತು."

"ಈ ಸೈಜು ಮಿಕ್ಕೋಗಿರಬೇಕು ನಿಮ್ಮತ್ರ."

ಅವನು ನಕ್ಕು, "ಮೇಡಂ ಪೊಲೀಸಾ?" ಎಂದು ಹರ್ಷಿತಳನ್ನು ಕೇಳಿದ.

"ಇಲ್ಲ, ಲ್ಯಾಬು. ರಕ್ತ ತೆಗೀತಾರೆ."

"ಅದ್ಕೇ," ಎಂದ ಅವನು.

ನಾನು ಬ್ಯಾಗಿನಿಂದ ನಿನ್ನ ಹಳೇ ಟೇಪ್ ತೆಗೆದೆ. ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಹತ್ತೊಂಬತ್ತು ಇಂಚು. ಹತ್ತೊಂಬತ್ತರದ್ದೇ ಎರಡು ಜೊತೆ ತೆಗೆದುಕೊಂಡೆ. ನನ್ನನ್ನು ಯಾರೂ ಏಮಾರಿಸಲಿಲ್ಲ ಎಂದು ಹೆಮ್ಮೆಯಿಂದಲೇ ಮನೆಗೆ ಬಂದೆ.

ದಸರಾ ರಜೆ ಮುಗಿಯುವಷ್ಟರಲ್ಲಿ ಸ್ಕರ್ಟು ಮೊಣಕಾಲಿನ ಮೇಲಿತ್ತು. ಬಟ್ಟೆ ಕುಗ್ಗುವಂಥದ್ದು ಕೊಟ್ಟಿದ್ದಾನೆ ಎಂದುಕೊಂಡು, ಎರಡು ಕಡೆ ಪೆನ್ನಿನ ಗುರುತು ಹಾಕಿ ಒಗೆದು ಅಳೆದೆ. ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ಮಗು ಬೆಳೆದಿತ್ತು, ಅಷ್ಟೆ. ಆದರೂ ಸೋಲಲು ಮನಸ್ಸಾಗದೆ "ಹೆಂಗೋ ಪರೀಕ್ಷೆ ತನಕ ಹಾಕ್ಕೊ" ಎಂದುಬಿಟ್ಟೆ. ಹರ್ಷಿತ ಬೆನ್ನಿಗೆ ಹಾಕುವ ಸ್ಕೂಲ್ ಬ್ಯಾಗನ್ನು ಮುಂದೆ, ಮೊಣಕಾಲಿಗೆ ಅಡ್ಡ ಹಿಡಿದು ಓಡಾಡಲು ಶುರುಮಾಡಿದಳು. ನೋಡಿದೆ. ನೋಡಿಯೂ ಏನೂ ಮಾಡಲಿಲ್ಲ.

ಆಮೇಲೆ ಒಂದು ಭಾನುವಾರ ಬಟ್ಟೆ ಒಗೆಯುವಾಗ ಸ್ಕರ್ಟು ಉದ್ದವಾಗಿತ್ತು. ಅಳೆದೆ. ಇಪ್ಪತ್ತೂವರೆ. ತಿರುಗಿಸಿ ನೋಡಿದರೆ, ಅಂಗಡಿಯ ಮಷೀನ್ ಹೊಲಿಗೆ ಬಿಚ್ಚಿ, ಅಂಚಿನ ಮಡಿಕೆಯನ್ನು ಅರ್ಧ ಇಳಿಸಿ, ಉಳಿದ ಅರ್ಧವನ್ನು ಯಾರೋ ಕೈಯಲ್ಲಿ ಹೆಮ್ಮಿಂಗ್ ಮಾಡಿದ್ದರು. ನೀಲಿ ಬಟ್ಟೆಗೆ ಕೆಂಪು ದಾರ.

ನಿನ್ನ ಮೂರು ಮಡಿಕೆಗಳನ್ನು ನಾನು ಹೇಗೆ ಮರೆಯಲಿ? ಬೆಳೆಯುವ ಮಕ್ಕಳ ಬಟ್ಟೆಗೆ ಒಳಗಡೆ ಮೂರು ಮಡಿಕೆ ಇಡುತ್ತಿದ್ದೆ. ಮೊದಲು ಬಿಚ್ಚುವುದಕ್ಕೆ ಕೆಂಪು ದಾರ, ಆಮೇಲೆ ಹಳದಿ, ಕೊನೆಗೆ ಹಸಿರು. ಸಂತೆಗೆ ಬಂದ ತಾಯಂದಿರು ಅಂಗಡಿಯ ಮುಂದೆ ನಿಂತು "ಮಾಸ್ಟ್ರೇ, ಕೆಂಪು ಬಿಚ್ಚಬೋದಾ?" ಎಂದು ಕೇಳುತ್ತಿದ್ದರು. ಬೇರೆ ಯಾವ ಟೈಲರೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ. ಇನ್ನೊಂದು ವಿಷಯ. ಈ ಹೊಲಿಗೆಗಳು ಎಲ್ಲರ ಹೊಲಿಗೆಯ ಹಾಗೆ ಓರೆಯಾಗಿರಲಿಲ್ಲ, ಎದುರು ದಿಕ್ಕಿಗೆ ಓರೆಯಾಗಿದ್ದವು. ಎಡಗೈಯಲ್ಲಿ ಹೊಲಿದರೆ ಮಾತ್ರ ಹಾಗೆ ಬರುತ್ತದೆ. ನನಗೆ ಒಬ್ಬಳ ಹೆಸರು ಹೊಳೆಯಿತು. ಹಿಂದೂಪುರದಲ್ಲಿ ಎಡಗೈಯವರು ನೂರು ಜನ ಇರುತ್ತಾರೆ ಎಂದು ಆ ಹೆಸರನ್ನು ಪಕ್ಕಕ್ಕೆ ಸರಿಸಿದೆ.

"ಯಾರು ಹೊಲ್ದಿದ್ದು?" ಎಂದು ಹರ್ಷಿತಳನ್ನು ಕೇಳಿದೆ.

"ಸ್ಕೂಲ್ ಆಯಮ್ಮ."

ಸೋಮವಾರ ಹೋಗಿ ಆಯಮ್ಮನನ್ನೇ ಕೇಳಿದೆ. "ಸೂಜಿಗೆ ದಾರ ಪೋಣಿಸಾಕೇ ಕಣ್ ಕಾಣಾಕಿಲ್ಲ ತಾಯಿ, ನಾನೆಲ್ಲಿ ಹೊಲೀಲಿ?" ಎಂದಳು. ಅಂದರೆ ಮಗಳು ಸುಳ್ಳು ಹೇಳಿದ್ದಾಳೆ. ಇನ್ನೊಮ್ಮೆ ಕೇಳಿದರೆ "ಹೇಳಲ್ಲ ಅಂತ ಪ್ರಾಮಿಸ್ ಮಾಡಿದೀನಿ" ಎಂದಳು. ನನ್ನ ಗಂಡ ಲೋಕೇಶ ಊಟದ ತಟ್ಟೆಯಿಂದ ತಲೆಯೆತ್ತದೆ, "ನಿಮ್ಮಪ್ಪನೇ ಬಂದು ಹೊಲ್ದೋಗವ್ರೆ ಬಿಡು," ಎಂದ. ನನಗೆ ನಗು ಬರಲಿಲ್ಲ. ನನ್ನ ಮಗಳ ಬಟ್ಟೆಗೆ ಯಾರೋ ಕೈ ಹಾಕಿದ್ದಾರೆ, ಅವಳಿಂದ ಮಾತು ತೆಗೆದುಕೊಂಡಿದ್ದಾರೆ. ಇಂಥ ಸುದ್ದಿಗಳು ಪೇಪರಿನಲ್ಲಿ ಹೇಗೆ ಶುರುವಾಗುತ್ತವೆ, ಹೇಗೆ ಮುಗಿಯುತ್ತವೆ ಎಂದು ನನಗೆ ಗೊತ್ತಿಲ್ಲವೇ?

ಬ್ರಹ್ಮಸಮುದ್ರದ ಬಸ್ಸಿನಲ್ಲಿ ನಾವಿಬ್ಬರೂ ಹೋದ ದಿನ ನಿನಗೆ ನೆನಪಿದೆಯಾ, ಅಪ್ಪ? ನನಗೆ ಹನ್ನೊಂದು ವರ್ಷ. ಒಂದು ಹಳ್ಳಿ ಶಾಲೆಯ ಮಕ್ಕಳಿಗೆಲ್ಲ ನೀನೇ ಯೂನಿಫಾರಂ ಹೊಲಿಯಬೇಕಿತ್ತು. ಅಮ್ಮ ತೀರಿದ ಮೇಲೆ ಅಡಿಗೆ, ಗುಂಡಿಯ ಕಾಜಾ, ಹೆಮ್ಮಿಂಗು ಎಲ್ಲ ನಿನ್ನ ಹಿರಿಮಗಳು ಅನಸೂಯಕ್ಕನದೇ. ಅಳತೆ ಪುಸ್ತಕ ಬರೆಯುತ್ತಿದ್ದವಳೂ ಅವಳೇ. ಕತ್ತರಿಯೊಂದನ್ನು ಬಿಟ್ಟು ಎಲ್ಲವನ್ನೂ ಅವಳ ಎಡಗೈಗೆ ಕೊಟ್ಟಿದ್ದೆ. ಅವತ್ತು ಅವಳಿಗೆ ಜ್ವರ ಬಂದಿದ್ದರಿಂದ ಬರೆಯಲು ನನ್ನನ್ನು ಕರೆದುಕೊಂಡು ಹೋದೆ.

"ನಾನು ಕೂಗಿದ್ದಕ್ಕೆ ಎರಡಿಂಚು ಸೇರ್ಸಿ ಬರಿ ಕಣಮ್ಮ," ಎಂದೆ ನೀನು ಬಸ್ಸಿನಲ್ಲಿ.

"ಯಾಕೆ? ನೀನೇ ಸೇರ್ಸಿ ಕೂಗು."

"ಕೂಗೋದು ಇವತ್ತಿನ ಅಳತೆ. ಬರಿಯೋದು ಬರೋ ವರ್ಷದ್ದು. ಬೆಳೆಯೋ ಮಕ್ಕಳದ್ದು ಇದ್ದಂಗೇ ಬರೀಬಾರ್ದು, ಅಲ್ಲಿಗೇ ನಿಂತ್ಬುಡ್ತವೆ."

ನಾನು ನಂಬಲಿಲ್ಲ. ಅದಕ್ಕೊಂದು ಕಾರಣವಿತ್ತು, ನಿನಗೆ ಯಾವತ್ತೂ ಹೇಳಿಲ್ಲ. ಹಿಂದಿನ ವಾರ ನನ್ನ ಕ್ಲಾಸಿನ ಒಬ್ಬಳು ಎಲ್ಲರ ಮುಂದೆ, "ಟೈಲರ್ ಮಗಳ ಜಾಕೀಟು ನೋಡ್ರೇ, ನಮ್ಮ ಬಟ್ಟೇಲಿ ಮಿಗಿಸ್ಕಂಡು ಹೊಲ್ದಿರೋದು," ಎಂದಿದ್ದಳು. ಅಂದಿನಿಂದ ನನಗೆ ನಿನ್ನ ಮೇಲೆ ಅನುಮಾನ. ಎರಡಿಂಚು ಹೆಚ್ಚು ಬರೆಸಿ, ಕಡಿಮೆ ಕತ್ತರಿಸಿ, ಮಿಕ್ಕಿದ್ದು ನಮ್ಮ ಮನೆಗೆ... ಹೀಗೆ ಲೆಕ್ಕ ಹಾಕಿದ್ದೆ. ಆ ಮಿಕ್ಕಿದ್ದು ಮಡಿಕೆಯೊಳಗೇ ಹೋಗುತ್ತದೆ ಎಂದು ಕಣ್ಣೆದುರು ಕಂಡಿದ್ದೂ ನನ್ನ ತಲೆಗೆ ಹೋಗಲಿಲ್ಲ. ನೀನು ಕೂಗಿದ ಹಾಗೇ ಬರೆದೆ. ನಲವತ್ತೆರಡು ಮಕ್ಕಳು, ಒಬ್ಬರಿಗೂ ಸೇರಿಸಲಿಲ್ಲ. ನೀನು ಹೆಡ್‌ಮಾಸ್ಟರಿಗೆ ಪುಸ್ತಕ ತೋರಿಸಿ, "ನಮ್ಮ ಗಿರಿಜಳ ಅಕ್ಷರ ಸಾ, ಒಂದು ಚಿತ್ತುಕಾಟಿಲ್ಲ," ಎಂದೆ.

ಆಮೇಲೆ ನಿನಗೆ ಕಾಮಾಲೆ ಬಂತು. ಬೇರೆ ದಾರಿಯಿಲ್ಲದೆ ನೀನು ಅನಸೂಯಕ್ಕನಿಗೆ ಮೊದಲ ಸಲ ಕತ್ತರಿ ಕೊಟ್ಟೆ. ಪುಸ್ತಕದಲ್ಲಿ ಯಾವಾಗಲೂ ಸೇರಿಸಿಯೇ ಬರೆದಿರುತ್ತಾರೆ ಎಂದು ನಂಬಿ ಅವಳು ಬರೆದಷ್ಟಕ್ಕೇ ಕತ್ತರಿಸಿದಳು. ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದರೂ ಹಾಡಿಕೊಂಡು ಕತ್ತರಿಸಿದಳು. ಜೂನ್‌ನಲ್ಲಿ ಗಂಟು ವಾಪಸ್ ಬಂತು. ಬೇಸಿಗೆ ರಜೆಯಲ್ಲಿ ಮಕ್ಕಳು ಬೆಳೆದಿದ್ದರು. ಚೆಡ್ಡಿಗಳು ತೊಡೆಗೇ ನಿಂತಿದ್ದವು, ಇಳಿಸೋಣವೆಂದರೆ ಒಳಗೆ ಬಟ್ಟೆಯಿಲ್ಲ. ಬೀದಿಯ ಜನ ನೋಡುತ್ತಿರುವಾಗ ನೀನು, "ಕತ್ತರಿ ಹಿಡಿಯೋ ಕೈಯಲ್ಲ ಕಣೇ ಇದು," ಎಂದೆ. ಅನಸೂಯಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಅಳತೆ ಪುಸ್ತಕ ಆಗಲೇ ನನ್ನ ಸ್ಕೂಲ್ ಬ್ಯಾಗು ಸೇರಿತ್ತು. ನಾನು ತೆಗೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ಅವಳು ಬೀದಿಯ ಇಬ್ಬರು ಹುಡುಗಿಯರ ಜೊತೆ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳು. ಯುಗಾದಿಗೆ ಬತ್ತೀನಿ ಎಂದವಳು ಬರಲಿಲ್ಲ. ನೀನು ಎರಡು ಸಲ ಬಸ್ಸು ಹತ್ತಿ ಹೋಗಿಬಂದೆ. ಸಿಕ್ಕಳಾ ಎಂದರೆ "ಚೆನ್ನಾಗವ್ಳೆ" ಎಂದೆ, ಅಷ್ಟೇ. ನೀನು ತೀರಿಕೊಂಡಾಗ ಅವಳ ನಂಬರ್ ಇಲ್ಲ ಎಂದು ನೆಂಟರಿಗೆಲ್ಲ ಹೇಳಿದೆ. ಆ ಇಬ್ಬರಲ್ಲಿ ಒಬ್ಬಳು ಈಗಲೂ ಕಲ್ಯಾಣದುರ್ಗದ ನಮ್ಮ ಬೀದಿಯಲ್ಲೇ ಇದ್ದಾಳೆ. ಅವಳನ್ನು ಕೇಳಿದ್ದರೆ ಸಿಗುತ್ತಿತ್ತು. ಕೇಳಲಿಲ್ಲ. ಅಕ್ಕ ಬಂದು ಎಲ್ಲರ ಮುಂದೆ ಆ ಪುಸ್ತಕದ ಮಾತು ತೆಗೆದರೆ...

ಹರ್ಷಿತಳ ಶಾಲೆಯಲ್ಲಿ ಶನಿವಾರ ಬಿಳಿ ಡ್ರೆಸ್, ಮಧ್ಯಾಹ್ನಕ್ಕೇ ಬಿಡುತ್ತಾರೆ. ನೀಲಿ ಸ್ಕರ್ಟು ಬ್ಯಾಗಿನಲ್ಲಿ ಹೋಗಿ ಹೊಲಿಸಿಕೊಂಡು ಬಂದದ್ದು ಶನಿವಾರವೇ ಆಗಿರಬೇಕು ಎಂದು ಲೆಕ್ಕ ಹಾಕಿದೆ. ಮುಂದಿನ ಶನಿವಾರ ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ, ಶಾಲೆಯೆದುರಿನ ಟೀ ಅಂಗಡಿಯಲ್ಲಿ ಮುಖಕ್ಕೆ ಪೇಪರ್ ಅಡ್ಡ ಹಿಡಿದು ಕೂತೆ.

"ಅದು ನಿನ್ನೆ ಪೇಪರು ಕಣಮ್ಮ," ಎಂದ ಟೀಯವನು.

"ಪರವಾಗಿಲ್ಲ, ನಿನ್ನೇದೇ ಓದ್ಬೇಕು."

ಬೆಲ್ ಆಯಿತು. ಹರ್ಷಿತ ಆಟೊ ಬರುವ ಕಡೆಗೆ ಹೋಗದೆ ಮೂರು ಅಂಗಡಿ ದಾಟಿ, ಸೀರೆಗೆ ಫಾಲ್ ಹಚ್ಚುವ ಒಂದು ಕಿರಿದಾದ ಅಂಗಡಿಯೊಳಗೆ ಹೋಗಿ, ದಿನವೂ ಕೂರುವವಳಂತೆ ಸ್ಟೂಲಿನ ಮೇಲೆ ಕೂತಳು. ನಾನು ಬಾಗಿಲಿಗೆ ಹೋಗಿ ನಿಂತೆ. ಮಷೀನಿನ ಮುಂದಿದ್ದ ಹೆಂಗಸು ಏಳಲಿಲ್ಲ. ತಲೆ ಅರ್ಧ ನರೆತಿತ್ತು. ಎಡಗೈಯಲ್ಲಿ ಸೂಜಿಯಿತ್ತು.

"ಬಾ," ಎಂದಳು ಅನಸೂಯಕ್ಕ. "ಒಂದೇ ವಾರಕ್ಕೆ ಬಂದ್ಬುಟ್ಟೆ. ಎರಡಾದ್ರೂ ಆಯ್ತದೆ ಅಂದ್ಕಂಡಿದ್ದೆ."

ಇಪ್ಪತ್ತೈದು ವರ್ಷದ ಮೇಲೆ ಸಿಕ್ಕ ಅಕ್ಕನನ್ನು ನಾನು ಚೆನ್ನಾಗಿದ್ದೀಯಾ ಎಂದು ಕೇಳಲಿಲ್ಲ, ಅಪ್ಪ. "ಇವಳು ನನ್ನ ಮಗಳು ಅಂತ ಹೆಂಗೆ ಗೊತ್ತಾಯ್ತು? ಏನು ಬೇಕು ನಿಂಗೆ?" ಎಂದು ಕೇಳಿದೆ.

"ನಂಗೇನು ಬೇಕು? ಇಲ್ಲಿ ಅಂಗಡಿ ಹಾಕಿ ಒಂದು ವರ್ಷ ಆಯ್ತು. ಮೊಣಕಾಲಿಗೆ ಬ್ಯಾಗ್ ಅಡ್ಡ ಹಿಡ್ಕಂಡು ಓಡಾಡೋ ಹುಡುಗೀನ ದಿನಾ ನೋಡ್ತಿದ್ದೆ. ಒಂದಿನ ಕರೆದು, ಸ್ಕರ್ಟು ತತ್ತಾ, ಇಳಿಸ್ಕೊಡ್ತೀನಿ ಅಂದೆ. ನಮ್ಮ ತಾತ ಟೈಲರ್ ಮಾಸ್ಟರ್ ಅಂದ್ಳು. ಯಾವೂರು ಅಂದೆ. ಕಲ್ಯಾಣದುರ್ಗ ಅಂದ್ಳು. ಮಾಸ್ಟರ್ ಮೊಮ್ಮಗಳಿಗೆ ಇಷ್ಟು ಗಿಡ್ಡ ಸ್ಕರ್ಟು ಯಾರಮ್ಮ ತಂದಿದ್ದು ಅಂದೆ. ಅಮ್ಮ ಅಳತೆ ತಗಂಡು ಕರೆಕ್ಟಾಗಿ ತಂದ್ಳು ಅಂದ್ಳು." ದಾರವನ್ನು ಹಲ್ಲಿನಲ್ಲಿ ಕಡಿದಳು. "ಇನ್ನು ಹೆಸರು ಯಾಕೆ ಕೇಳ್ಲಿ?"

"ನೀವಿಬ್ರೂ ಜಗಳ ಆಡ್ತಿದೀರಾ?" ಎಂದಳು ಹರ್ಷಿತ.

"ಇಲ್ಲ ಕಣವ್ವ. ಹಳೇ ಅಳತೆ ನೋಡ್ತಿದೀವಿ."

ನಾನು ಸ್ಟೂಲಿನ ಪಕ್ಕದ ಬಟ್ಟೆ ಗಂಟಿನ ಮೇಲೆ ಕೂತೆ. "ಅಕ್ಕ, ಆ ಪುಸ್ತಕ..."

"ಗೊತ್ತು. ಗಂಟು ವಾಪಸ್ ಬಂದ ದಿನವೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾದೆ. ದೀಪಾವಳಿ ತನಕ ಕಾದೆ."

ಅವಳು ಕೋಪದಲ್ಲಿ ಹೇಳಲಿಲ್ಲ. ಕೋಪದಲ್ಲಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ನಿನ್ನ ವಿಷಯ ಬಂತು. ನೀನು ಎರಡನೇ ಸಲ ಹೋದಾಗ ಅವಳೇ ಗಾರ್ಮೆಂಟ್ಸ್ ಗೇಟಿನ ಹೊರಗೆ ಬರಲಿಲ್ಲವಂತೆ. ವಾಚ್‌ಮನ್ ಒಳಗೆ ಬಂದು, "ಯಾರೋ ಯಜಮಾನ್ರು ಒಂದು ನೋಟ್‌ಬುಕ್ ಹಿಡ್ಕಂಡು ನಿಂತವ್ರೆ," ಎಂದನಂತೆ. ಸಂಜೆಯ ಶಿಫ್ಟ್ ಬಿಡುವವರೆಗೂ ನಿಂತಿದ್ದೆಯಂತೆ.

ಹಾಗಾದರೆ ನನ್ನ ಬ್ಯಾಗಿನಲ್ಲಿದ್ದ ಆ ಅಳತೆ ಪುಸ್ತಕವನ್ನು ನೀನು ನೋಡಿದ್ದೆ, ನಿನಗೂ ಗೊತ್ತಿತ್ತು. ಆ ವರ್ಷದ ನಂತರ ನೀನು ನನ್ನ ಕೈಗೆ ಅಳತೆ ಪುಸ್ತಕ ಕೊಡಲೇ ಇಲ್ಲ. "ನೀನು ಓದ್ಕೊ" ಎನ್ನುತ್ತಿದ್ದೆ. ನನ್ನ ಓದಿನ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಅನಂತಪುರದ ಆಸ್ಪತ್ರೆಯಲ್ಲಿ ಕೊನೆಯ ವಾರ ನನ್ನ ಮುಖವನ್ನೇ ನೋಡುತ್ತ "ಗಿರಿಜ, ಆವತ್ತು..." ಎಂದು ಶುರುಮಾಡಿದೆ. ನಾನು ಡ್ರಿಪ್ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದೆ. ಏನು ಹೇಳುವುದಿತ್ತು ನಿನಗೆ? ಅಥವಾ ನೀನೂ ಅಕ್ಕನ ಹಾಗೆ, ನಾನೇ ಹೇಳಲಿ ಎಂದು ಕಾಯುತ್ತಿದ್ದೆಯಾ? ಈಗ ಹೇಳುತ್ತಿದ್ದೇನೆ. ನೀನು ಎರಡಿಂಚು ಸೇರಿಸು ಎಂದಿದ್ದೆ. ನನಗೆ ಕೇಳಿಸಿತ್ತು. ನಾನು ಸೇರಿಸಲಿಲ್ಲ.

ಅನಸೂಯಕ್ಕ ಇನ್ನೂ ನಮ್ಮ ಮನೆಗೆ ಬಂದಿಲ್ಲ. ನಾನು ಕರೆದಾಗಲೆಲ್ಲ "ನೋಡಾನ" ಎನ್ನುತ್ತಾಳೆ. ಅವಳು ನನ್ನನ್ನು ಕ್ಷಮಿಸಿದ್ದಾಳೆ ಎಂದು ನಾನು ನಂಬಿಲ್ಲ, ಅದಕ್ಕೆ ಆಧಾರವಿಲ್ಲ. ನಿನ್ನ ದೊಡ್ಡ ಕತ್ತರಿಯನ್ನು ಬೀರುವಿನಿಂದ ತೆಗೆದುಕೊಂಡು ಹೋಗಿ ಅವಳ ಮಷೀನಿನ ಮೇಲಿಟ್ಟೆ. ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಆಮೇಲೆ ಎಡಗೈಗೆ ತೆಗೆದುಕೊಂಡು ಒಂದು ಚಿಂದಿ ಕತ್ತರಿಸಿ ನೋಡಿ, "ಸಾಣೆ ಹಿಡಿಸ್ಬೇಕು," ಎಂದಳು. ವಾಪಸ್ ಕೊಡಲಿಲ್ಲ.

ಮೊನ್ನೆ ಶನಿವಾರ ಹೊಸ ಸ್ಕರ್ಟಿಗೆ ಬಟ್ಟೆ ತೆಗೆದುಕೊಂಡು ಹೋಗಿದ್ದೆವು. ಅವಳು ಹರ್ಷಿತಳನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಟೇಪ್ ಹಿಡಿದಳು. ಅಂಗಡಿಯ ಅಳತೆ ಪುಸ್ತಕವನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದಳು.

"ಉದ್ದ ಇಪ್ಪತ್ತೊಂದು," ಎಂದು ಕೂಗಿದಳು.

ನಾನು ಬರೆದೆ. ಹರ್ಷಿತ ಬಗ್ಗಿ ನೋಡಿದಳು.

"ಅಮ್ಮ, ತಪ್ಪು ಬರ್ದೆ."

"ಎಷ್ಟು ಬರ್ದವ್ಳೆ?" ಎಂದಳು ಅನಸೂಯಕ್ಕ, ಈ ಕಡೆ ತಿರುಗದೆ.

"ಇಪ್ಪತ್ತಮೂರು."

ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು, ಡಬ್ಬಿಯಲ್ಲಿ ಕೆಂಪು ದಾರ ಹುಡುಕತೊಡಗಿದಳು. "ಸೊಂಟಾನೂ ಬರ್ಕ," ಎಂದಳು ನನಗೆ.

ನಿನ್ನ,
ಗಿರಿಜ